ಮೊದಲೇ ಬಯಲಾದ ಪ್ರಶ್ನೆಪತ್ರಿಕೆ



ಕೆಲವು ದಿನಗಳ ಹಿಂದೆ ನೆಂಟರೊಬ್ಬರ ಮನೆಯಲ್ಲಿ ಊಟ ಮುಗಿದ ಬಳಿಕ ಮಾತು ಚರ್ಚಿನ ಹೊಸ ಕಟ್ಟಡದ ಕಡೆಗೆ ಹೊರಳಿತು. ನೆಲಕ್ಕೆ ಗ್ರಾನೈಟೋ ಅಮೃತಶಿಲೆಯೋ ಎಂಬ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಆ ಹಣದಲ್ಲಿ ಒಂದು ಪಾಲನ್ನು ಡಯಾಲಿಸಿಸ್ ಮಾಡಿಸಿಕೊಳ್ಳುವ ಬಡವರಿಗಾಗಿ ತೆಗೆದಿಡಬಾರದೇ ಎಂದು ನಾನು ಕೇಳಿದೆ. ಹಿರಿಯರೊಬ್ಬರು ನಕ್ಕು, "ಮೇಷ್ಟ್ರೇ, ದಯೆ ತೋರಿಸುವುದು ಯಾರಿಂದಲೂ ಸಾಧ್ಯ. ದೇವರನ್ನು ನಂಬದವರೂ ತೋರಿಸುತ್ತಾರೆ. ನಮಗೆ ಮೊದಲು ಆರಾಧನೆ, ಉಳಿದದ್ದು ಆಮೇಲೆ" ಎಂದರು. ಎಲ್ಲರೂ ತಲೆದೂಗಿದರು. ನಾನು ಸುಮ್ಮನಾದೆ. ವರ್ಷಗಟ್ಟಲೆ ತರಗತಿಯಲ್ಲಿ ನಿಮ್ಮನ್ನು ಸುಮ್ಮನಿರಿಸಿದವನು ಮಾತನಾಡಬೇಕಾದಲ್ಲಿ ತಾನೇ ಸುಮ್ಮನಿದ್ದುದಕ್ಕೆ ಈ ಬರಹವೇ ಪ್ರಾಯಶ್ಚಿತ್ತ.

ಪರೀಕ್ಷೆಯ ಮುನ್ನಾದಿನ ಪ್ರಶ್ನೆಪತ್ರಿಕೆ ಬಯಲಾದರೆ ಎಷ್ಟು ಗದ್ದಲವಾಗುತ್ತದೆಂದು ನಿಮಗೆ ಗೊತ್ತು. ಆದರೆ ಕ್ರೈಸ್ತನ ಕೊನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಪರೀಕ್ಷಕನೇ ಬಹಿರಂಗಪಡಿಸಿದ್ದಾನೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿ ವಿಚಾರಣೆಗೆ ಬರುವವರು ಆರು ಜನ: ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು. ಇವರಿಗೆ ಏನು ಮಾಡಿದಿರಿ ಎಂಬುದೊಂದೇ ಪ್ರಶ್ನೆ. ಗೋಪುರದ ಎತ್ತರದ ಬಗ್ಗೆ, ನೆಲಹಾಸಿನ ಬಗ್ಗೆ ಅರ್ಧ ಅಂಕದ ಪ್ರಶ್ನೆಯೂ ಇಲ್ಲ. ಪ್ರಶ್ನೆಗಳು ತಿಳಿದಿದ್ದೂ ಪಠ್ಯದಲ್ಲಿಲ್ಲದ್ದನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಏನೆನ್ನಬೇಕು?

"ಸತ್ಕ್ರಿಯೆಗಳಿಂದ ರಕ್ಷಣೆ ದೊರೆಯದು, ವಿಶ್ವಾಸದಿಂದಲೇ ಎಂದು ಪೌಲನು ಬರೆದಿಲ್ಲವೇ?" ಎಂದು ಕೆಲವರು ಕೇಳಿಯಾರು. ಬರೆದಿದ್ದಾನೆ. ದಯೆಯನ್ನು ನಾಣ್ಯದಂತೆ ಎಣಿಸಿ ಸ್ವರ್ಗವನ್ನು ಕೊಳ್ಳಲಾಗದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪ್ರೀತಿಯ ಮೂಲಕ ಕೆಲಸ ಮಾಡುವ ವಿಶ್ವಾಸವೇ ಮುಖ್ಯವೆಂದು ಗಲಾತ್ಯದವರಿಗೆ ತಿಳಿಸಿದವನೂ ಅದೇ ಪೌಲ. ಬೇರು ಮಣ್ಣಿನೊಳಗೆ ಇರುತ್ತದೆ ನಿಜ. ವರ್ಷಗಟ್ಟಲೆ ಒಂದು ಎಲೆಯನ್ನೂ ಬಿಡದ ಗಿಡದ ಬೇರು ಬದುಕಿದೆಯೆಂದು ನಂಬುವುದು ಹೇಗೆ? ದಯೆ ಎಲ್ಲರಿಂದಲೂ ಸಾಧ್ಯವೆಂಬುದು ಅದನ್ನು ಕೀಳಾಗಿ ಕಾಣಲು ಕಾರಣವಲ್ಲ. ಎಲ್ಲರಿಂದಲೂ ಸಾಧ್ಯವಾದುದು ನಮ್ಮಿಂದ ಆಗಲಿಲ್ಲವೆಂದರೆ ನಾಚಿಕೆಗೆ ಅದೇ ಕಾರಣ.

ಲೂಕನ ಸುವಾರ್ತೆಯಲ್ಲಿ ಬರುವ ಸಮಾರ್ಯದವನ ಕಥೆಯನ್ನು ನೆನೆಯಿರಿ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಕಂಡೂ ದಾಟಿ ಹೋದವರು ಯಾಜಕ ಮತ್ತು ಲೇವಿಯ; ಇಬ್ಬರೂ ಆರಾಧನೆಯ ಕಾರ್ಯಕ್ಕೆ ಸೇರಿದವರು. ನಿಂತವನು ಯೆಹೂದ್ಯರು ತಿರಸ್ಕರಿಸುತ್ತಿದ್ದ ಜನಾಂಗದವನು. ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿಯಷ್ಟು ಹಣವನ್ನು ಕೊಟ್ಟು, ತನ್ನ ದಾರಿ ಹಿಡಿದನು. ಗಾಯಾಳುವಿನ ಮತವನ್ನು ಕೇಳಲಿಲ್ಲ, ತನ್ನ ಮತಕ್ಕೆ ಕರೆಯಲೂ ಇಲ್ಲ. ಗಾಳಕ್ಕೆ ಸಿಕ್ಕಿಸಿದ ಹುಳುವನ್ನು ಯಾರೂ ಮೀನಿನ ಮೇಲಿನ ದಯೆ ಎನ್ನುವುದಿಲ್ಲ.

ಇನ್ನು ನನ್ನ ಸಂಗತಿ. ಸುಮಾರು ಮೂವತ್ತು ವರ್ಷಗಳ ಹಿಂದೆ, ಮಳೆಗಾಲದ ಒಂದು ಭಾನುವಾರ, ಪ್ರಾರ್ಥನೆಗೆ ಹೊರಟಿದ್ದೆ. ಆ ದಿನ ವಾಚನ ಓದುವ ಸರದಿ ನನ್ನದು. ತಿರುವಿನಲ್ಲಿ ಸೈಕಲ್ ಸವಾರನೊಬ್ಬ ಲಾರಿ ತಾಗಿ ಬಿದ್ದಿದ್ದ. ತಡವಾದೀತು, ಪೊಲೀಸ್ ಠಾಣೆಗೆ, ಕೋರ್ಟಿಗೆ ಅಲೆಯಬೇಕಾದೀತು ಎಂದು ಹೆದರಿ ಕೊಡೆ ಓರೆ ಮಾಡಿಕೊಂಡು ಮುಂದೆ ನಡೆದೆ. ಅವನನ್ನು ಎತ್ತಿ ಆಸ್ಪತ್ರೆಗೆ ಕೊಂಡೊಯ್ದವನು ಚರ್ಚಿನ ಮೆಟ್ಟಿಲನ್ನೇ ಹತ್ತದ ಒಬ್ಬ ಆಟೋ ಚಾಲಕ. ಸವಾರ ಬದುಕಿದನೆಂದು ಆಮೇಲೆ ತಿಳಿಯಿತು. ಅಂದು ನಾನು ಓದಿದ ವಾಚನ ಯಾವುದೆಂದು ಇಂದು ನೆನಪಿಲ್ಲ; ಆ ಸೈಕಲ್ಲಿನ ತಿರುಗುತ್ತಿದ್ದ ಚಕ್ರ ಮಾತ್ರ ನೆನಪಿದೆ.

ಇಂದು ಆ ನೆಪವೂ ಉಳಿದಿಲ್ಲ. ಅಪಘಾತದಲ್ಲಿ ನೆರವಾದವರಿಗೆ ಕಿರುಕುಳವಾಗಬಾರದೆಂಬ ಮಾರ್ಗಸೂಚಿಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟು ಬಲ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಕಲಂ ಸೇರಿತು. ಅಂಥವರಿಗೆ ಕಾನೂನು ಇಟ್ಟ ಹೆಸರು ಗುಡ್ ಸಮಾರಿಟನ್. ಯೇಸುವಿನ ಕಥೆಯ ಆ ಪರಕೀಯನು ದೇಶದ ಕಾನೂನಿನೊಳಗೆ ಬಂದು ಕುಳಿತಿದ್ದಾನೆ. ನಮ್ಮ ಮನೆಯೊಳಗೆ ಬಂದಿದ್ದಾನೆಯೇ?

ಕಟ್ಟಡ ಬೇಡವೆಂದು ನಾನು ಹೇಳುತ್ತಿಲ್ಲ. ಯಾವುದು ಮೊದಲು ಎಂಬುದೇ ನನ್ನ ತಕರಾರು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಆರಂಭಿಸಿದ್ದು ರೋಗಿಗಳಿಗೆ ಹೋಮಿಯೋಪತಿ ಔಷಧ ಕೊಡುವ ಸಣ್ಣ ಕೆಲಸವನ್ನು. ಬಳಿಕ ಕುಷ್ಠರೋಗಿಗಳಿಗೆ ಆಶ್ರಯ ಬಂತು, ಆಸ್ಪತ್ರೆ ಬೆಳೆಯಿತು. ಅಲ್ಲಿ ಮೊದಲು ಬಂದವನು ರೋಗಿ, ಆಮೇಲೆ ಬಂದದ್ದು ಗೋಡೆ.

ಅಷ್ಟು ದೊಡ್ಡದು ನಮ್ಮಿಂದಾಗದಿರಬಹುದು. ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟಿದ್ದರೆ ಇಂದೇ ತೆಗೆಯಿರಿ. ಅವಳನ್ನು ಹೆಸರು ಹಿಡಿದು ಕರೆಯಿರಿ. ಆಸ್ಪತ್ರೆಯಲ್ಲಿ ಚೀಟಿ ಓದಲಾರದೆ ನಿಂತ ಮುದುಕನಿಗೆ ಓದಿ ಹೇಳಿರಿ. ಫೋಟೋ ತೆಗೆಸಿಕೊಳ್ಳಬೇಡಿ.

ಇಷ್ಟನ್ನು ಆ ಹಿರಿಯರ ಮುಂದೆಯೇ ಹೇಳಬೇಕಾಗಿತ್ತು. ಮುಂದಿನ ಭಾನುವಾರ ಅವರ ಮನೆಗೆ ಹೋಗಿ ಹೇಳುವವನಿದ್ದೇನೆ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಮಾತ್ರ ತಡವಾದೀತು.