ಅರ್ಜಿ ಓಣಿಗೇ ಬರಲಿ



ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 7.25ರಷ್ಟನ್ನು ಇತರೆ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಗೂ ಇದು ಅನ್ವಯ. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಬಡಾವಣೆಯಲ್ಲೋ ಹಳೇಹುಬ್ಬಳ್ಳಿಯ ಓಣಿಗಳಲ್ಲೋ ಈ ಅಂಕಿ ಬಲ್ಲವರು ಎಷ್ಟು ಮಂದಿ? ಈ ಹಣದಲ್ಲಿ ಸಿಗುವ ಹೊಲಿಗೆ ಯಂತ್ರಕ್ಕೋ ತ್ರಿಚಕ್ರ ವಾಹನಕ್ಕೋ ಅರ್ಜಿ ಹಾಕಬೇಕೆಂದರೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಮತ್ತೆ ಝೆರಾಕ್ಸ್ ಅಂಗಡಿ, ಆಮೇಲೆ ವಲಯ ಕಚೇರಿ. ಅಷ್ಟರಲ್ಲಿ ದಿನಗೂಲಿಯವರ ಪಗಾರ ಹೋಗಿರುತ್ತದೆ. ‘ನೀವ್ ಸುಮ್ನಿರ್ರಿ, ನಾ ಮಾಡಿಸಿ ಕೊಡ್ತೀನಿ’ ಎನ್ನುವ ಮಧ್ಯವರ್ತಿ ಹುಟ್ಟುವುದೇ ಇಲ್ಲಿ.

ಗಟಾರ, ಬೀದಿದೀಪ, ಅಂಗನವಾಡಿಗೆ ನೀರು ಇಂಥವನ್ನಂತೂ ಓಣಿಯವರೆಲ್ಲ ಕೂಡಿಯೇ ಕೇಳಬೇಕು. ಹೀಗೆ ಕೂಡಿ ಕೇಳಲು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಪಾಲಿಕೆಯು ಎಲ್ಲ ವಾರ್ಡ್‌ಗಳಲ್ಲೂ ಸಮಿತಿ ಸಭೆ ಕರೆದು, ಮಹಿಳಾ ಸ್ವಸಹಾಯ ಸಂಘಗಳನ್ನೂ ಕೂಡಿಸಿಕೊಂಡು, ಸಂಜೆ ಕೂಲಿ ಮುಗಿದ ಮೇಲೆ (ಹಗಲು ಕರೆದರೆ ಯಾರು ಬಂದಾರು?) ಅಲ್ಲಿಯೇ ಅರ್ಜಿ ಬರೆಸಿಕೊಳ್ಳಲಿ. ಮಂಜೂರಾದ ಕೆಲಸ, ಮೊತ್ತದ ಪಟ್ಟಿಯನ್ನು ವಾರ್ಡ್‌ನ ಗೋಡೆಗೆ ಅಂಟಿಸಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಲಿ.

– ಓದುಗ, ಹಳೇಹುಬ್ಬಳ್ಳಿ