ಹೊಳೆ ದಂಡೆಯಿಂದ ವಾಪಸ್ ಬಂದವರನ್ನ ಪುಕ್ಕಲರು ಅನ್ನಬೇಡಿ

ಕಾರ್ತಿಕ ಬಂತು ಅಂದ್ರೆ ಸಾಕು, ಹಾಸ್ಟೆಲ್‌ನ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಟ್ರೆಕ್ಕಿಂಗ್ ಪ್ಲಾನುಗಳು ಶುರು. ಮಳೆ ಮುಗಿದಿರುತ್ತೆ, ಬೆಟ್ಟ ಇನ್ನೂ ಹಸಿರಾಗಿರುತ್ತೆ, ಜಿಗಣೆ ಕಾಟ ಕಡಿಮೆ, ಬೆಳಗ್ಗೆ ಮಂಜು. ಎರಡು ದಿನಕ್ಕೆ ಬೇಕಾದ್ದನ್ನೆಲ್ಲ ಬೆನ್ನಿಗೇರಿಸಿಕೊಂಡು ಮಲೆನಾಡಿಗೆ ಹೋಗೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ, ಒಪ್ಪಿದ್ವಿ. ಆದರೆ ಮಳೆ ಮುಗಿದ ಮಾತ್ರಕ್ಕೆ ಹಳ್ಳ, ಹೊಳೆ ಇಳಿದಿರಲ್ಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರಿನಲ್ಲೂ ಒಂದೇ ರಾತ್ರಿಯಲ್ಲಿ ಏರಬಹುದು. ಅದಕ್ಕೇ ನಾವು ಹೇಳೋದು ಇಷ್ಟು: ಯಾವ ನೀರನ್ನ ದಾಟಬೇಕು, ಯಾವುದನ್ನ ನೋಡಿ ವಾಪಸ್ ಬರಬೇಕು ಅನ್ನೋದನ್ನ ದಂಡೆ ಮೇಲೆ ನಿಂತು ಯೋಚಿಸೋದಲ್ಲ. ಹೊರಡೋ ಮುಂಚೆ ಇಲ್ಲೇ ತೀರ್ಮಾನ ಮಾಡ್ಕೊಂಡು ಹೋಗಬೇಕು.

ಇದನ್ನ ಹೇಳೋಕೆ ನಾವ್ಯಾರು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರು. ಹೊಸಪೇಟೆ ಬಿಟ್ರೆ ವಿಜಯನಗರ ಜಿಲ್ಲೆಯ ಉಳಿದ ಐದೂ ತಾಲ್ಲೂಕು ನಮ್ಮವೇ. "ನಿಮ್ಮೂರಲ್ಲಿ ಇರೋದು ಜಾಲಿ ಗಿಡ, ಗುಡೇಕೋಟೆ ಕರಡಿ. ನಿಮಗೇನ್ರೋ ಗೊತ್ತು ನೀರಿನ ಬಗ್ಗೆ?" ಅಂತ ಮಲೆನಾಡಿನ ಗೆಳೆಯರು ಕಾಲೆಳೀತಾರೆ. ನಗ್ತೀವಿ. ಆದರೆ ಬಯಲುಸೀಮೆ ಕಲಿಸೋ ಪಾಠ ಒಂದಿದೆ, ಅದು ಬೆಟ್ಟದಲ್ಲೂ ಕೆಲಸಕ್ಕೆ ಬರುತ್ತೆ.

ಹಡಗಲಿ ತಾಲ್ಲೂಕಿನ ಮೈಲಾರ, ಕುರುವತ್ತಿ ಎರಡೂ ತುಂಗಭದ್ರೆಯ ದಂಡೆಯ ಊರುಗಳು. ಆ ಹೊಳೆಯ ನೀರು ಹುಟ್ಟೋದು ಅಲ್ಲಲ್ಲ. ತುಂಗೆ, ಭದ್ರೆ ಎರಡೂ ಹುಟ್ಟೋದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ; ಒಂದಾಗೋದು ಶಿವಮೊಗ್ಗದ ಹತ್ತಿರದ ಕೂಡ್ಲಿಯಲ್ಲಿ. ಮಲೆನಾಡಿನಲ್ಲಿ ಜಡಿಮಳೆ ಹಿಡಿದರೆ, ಜಲಾಶಯಗಳಿಂದ ನೀರು ಬಿಟ್ಟರೆ, ಹಡಗಲಿಯಲ್ಲಿ ಚುರುಚುರು ಬಿಸಿಲಿದ್ರೂ ಹೊಳೆ ದಂಡೆ ಮೀರುತ್ತೆ. ಚಿಕ್ಕಹಗರಿಯಂಥ ಹಳ್ಳಗಳ ಕಥೆ ಬೇರೆ. ವರ್ಷದ ಬಹುಪಾಲು ಬರೀ ಮರಳು, ಮೇಲೆ ಎಲ್ಲೋ ಜೋರು ಮಳೆ ಸುರಿದ್ರೆ ಒಮ್ಮೆಗೇ ಕೆಂಪು ನೀರು. ಅದಕ್ಕೆ ನಮ್ಮ ಕಡೆ ಹಿರಿಯರು ಕಣ್ಣೆದುರಿನ ನೀರು ನೋಡಿ ಹಳ್ಳಕ್ಕೆ ಇಳಿಯಲ್ಲ, ಮೇಲಿನ ಸೀಮೆಯ ಮೋಡ ನೋಡ್ತಾರೆ. ಹಳ್ಳ ಬಂದಿದ್ರೆ ದಂಡೆ ಮೇಲೆ ಕೂತ್ಕೊಂಡು ಬೀಡಿ ಹಚ್ಚುತ್ತಾರೆ. ಹಳ್ಳ ಇಳೀತಾ, ಆಮೇಲೆ ಎದ್ದು ಹೋಗ್ತಾರೆ. ಅವರನ್ನ ಯಾರೂ ಪುಕ್ಕಲರು ಅನ್ನಲ್ಲ.

ಈ ಪಾಠ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮಂಥವರದ್ದೇ ಉದಾಹರಣೆ ಇದೆ. 2014ರ ಜೂನ್ 8ರಂದು ಹಿಮಾಚಲದ ಮಂಡಿ ಜಿಲ್ಲೆಯಲ್ಲಿ, ಬಿಯಾಸ್ ನದಿಗಿಳಿದಿದ್ದ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ತಪ್ಪು ಆ ಮಕ್ಕಳದ್ದು ಅಂತ ನಾವು ಹೇಳ್ತಿಲ್ಲ. ಅವರಿಗೆ ಕಂಡಿದ್ದು ಎದುರಿಗಿದ್ದ ನೀರು, ಬಂದಿದ್ದು ಮೇಲಿನ ನೀರು.

ಇನ್ನು ನಮ್ಮ ಸಿಲಬಸ್‌ನಲ್ಲೇ ಇರೋ ಮಾತು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಡ್ರ್ಯಾಗ್ ಫೋರ್ಸ್ ವೇಗದ ವರ್ಗಕ್ಕೆ ಅನುಗುಣ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಅದನ್ನ ನಮ್ಮ ಕಾಲಿಗೆ ಹಾಕಿ ನೋಡೋಣ. ಮೊಣಕಾಲವರೆಗಿನ ನೀರು, ಎರಡೂ ಕಾಲು ಸೇರಿ ಸುಮಾರು 0.12 ಚದರ ಮೀಟರ್, ಡ್ರ್ಯಾಗ್ ಕೋಎಫಿಷಿಯಂಟ್ 1 ಅಂದ್ಕೊಳ್ಳಿ. ನೀರು ಸೆಕೆಂಡಿಗೆ 1 ಮೀಟರ್ ಹರಿದರೆ ತಳ್ಳೋ ಬಲ 60 ನ್ಯೂಟನ್, ಅಂದ್ರೆ 6 ಕೆ.ಜಿ. ತೂಕದಷ್ಟು. ಅದೇ 2 ಮೀಟರ್ ಆದ್ರೆ 240 ನ್ಯೂಟನ್, ಸುಮಾರು 24 ಕೆ.ಜಿ. ಸೊಂಟದವರೆಗೆ ಬಂತು, 0.25 ಚದರ ಮೀಟರ್ ಅಂತಿಟ್ಟುಕೊಳ್ಳಿ, 50 ಕೆ.ಜಿ. ದಾಟಿತು. ಅಷ್ಟೊತ್ತಿಗೆ ತೇಲುವಿಕೆಯಿಂದ ಕಾಲಡಿಯ ಹಿಡಿತವೂ ಸಡಿಲ ಆಗಿರುತ್ತೆ, ಕೆಳಗೆ ಪಾಚಿ ಕಟ್ಟಿದ ಕಲ್ಲು, ಬೆನ್ನ ಮೇಲೆ ಬ್ಯಾಗು. ಈ ಲೆಕ್ಕದಲ್ಲಿ ಧೈರ್ಯ ಅನ್ನೋ ಟರ್ಮ್ ಎಲ್ಲೂ ಇಲ್ಲ.

ಹೋದ ನವೆಂಬರಿನಲ್ಲಿ ನಾವು ಆರು ಜನ ಪಶ್ಚಿಮಘಟ್ಟದ ಒಂದು ಹಳ್ಳದ ತನಕ ಹೋಗಿ ವಾಪಸ್ ಬಂದ್ವಿ. ಹಿಂದಿನ ರಾತ್ರಿ ಮಳೆ ಬಂದಿತ್ತು, ನೀರು ತೊಡೆ ಮುಟ್ಟುತ್ತಿತ್ತು. ಒಬ್ಬ "ಬೇಡ" ಅಂದ, ಎಲ್ಲರೂ ತಿರುಗಿದ್ವಿ. ಆಮೇಲೆ ಒಂದು ವಾರ ಮೆಸ್‌ನಲ್ಲಿ ಎಲ್ಲರ ಬಾಯಲ್ಲೂ ನಾವೇ. ನಮಗೆ ಬೇಜಾರಾಗಿದ್ದು ಗೇಲಿಗಲ್ಲ. ಮುಂದಿನ ಬ್ಯಾಚ್ ಹುಡುಗರು ಅದನ್ನೆಲ್ಲ ಕೇಳಿಸಿಕೊಂಡಿದ್ದಾರೆ. ನಾಳೆ ಅವರಲ್ಲೊಬ್ಬ ದಂಡೆ ಮೇಲೆ ನಿಂತಾಗ ಅವನ ತಲೇಲಿ ನೀರಿನ ಆಳ ಇರಲ್ಲ, ಮೆಸ್‌ನ ನಗು ಇರುತ್ತೆ.

ಸತ್ಯ ಹೇಳಬೇಕಂದ್ರೆ ನಮ್ಮನ್ನ ನೀರಿಗೆ ಇಳಿಸೋದು ಸಾಹಸದ ಆಸೆಗಿಂತ ಜಾಸ್ತಿ ಸೋಮವಾರದ ಇಂಟರ್ನಲ್ಸ್. ಭಾನುವಾರ ರಾತ್ರಿ ಬಸ್ ಬುಕ್ ಆಗಿರುತ್ತೆ, ಅಟೆಂಡೆನ್ಸ್ ಅಂಚಿನಲ್ಲಿರುತ್ತೆ, ಕೊಟ್ಟ ದುಡ್ಡು ವಾಪಸ್ ಬರಲ್ಲ. "ಊರವರು ದಾಟ್ತಾರಲ್ಲ" ಅಂತಾನೂ ವಾದ ಬರುತ್ತೆ. ಊರವರಿಗೆ ಆ ಹಳ್ಳದ ಕಲ್ಲು ಕಲ್ಲೂ ಗೊತ್ತು, ಬೆನ್ನ ಮೇಲೆ ಹನ್ನೆರಡು ಕೆ.ಜಿ. ಇಲ್ಲ. ಎಲ್ಲಕ್ಕಿಂತ ಮುಖ್ಯ, ಇವತ್ತು ಆಗದಿದ್ರೆ ನಾಳೆ ದಾಟ್ತಾರೆ. ಇನ್ನು ಕೆಲವರು ಕೊಟ್ಟೂರು ಪಾದಯಾತ್ರೆ ಮಾಡಿದ್ದೀವಿ, ನಡಿಗೆ ನಮಗೇನು ಹೊಸದಾ ಅಂತಾರೆ. ನಾವೂ ನಡೆದಿದ್ದೀವಿ. ಅಲ್ಲಿ ದಾರಿಯುದ್ದಕ್ಕೂ ಮಜ್ಜಿಗೆ, ಪ್ರಸಾದ ಕೊಡೋರು ಇರ್ತಾರೆ. ಕಾಲು ಉಳುಕಿದ್ರೆ ಹತ್ತಿಸಿಕೊಳ್ಳೋಕೆ ಗಾಡಿ ಇರುತ್ತೆ. ಕಾಡಿನ ಹಳ್ಳದಲ್ಲಿ ಅದ್ಯಾವುದೂ ಇಲ್ಲ, ಎಷ್ಟೋ ಕಡೆ ನೆಟ್‌ವರ್ಕೂ ಇಲ್ಲ.

ಹಾಗಾಗಿ ಕಾಲೇಜಿನ ಟ್ರೆಕ್ಕಿಂಗ್ ಗುಂಪುಗಳಿಗೆ ನಮ್ಮ ಬೇಡಿಕೆ ಮೂರೇ. ಒಂದು, ನೀರು ಮೊಣಕಾಲು ಮೀರಿದ್ರೆ, ಅಥವಾ ಎಸೆದ ಕಡ್ಡಿ ನಮ್ಮ ನಡಿಗೆಗಿಂತ ಜೋರಾಗಿ ಹೋದ್ರೆ, ದಾಟಲ್ಲ. ನೀರು ಕೆಂಪಾಗಿ ಏರ್ತಿದ್ರೆ ಚರ್ಚೆಯೇ ಇಲ್ಲ. ಎರಡು, ಒಬ್ಬ "ಬೇಡ" ಅಂದ್ರೆ ಸಾಕು, ಕಾರಣ ಕೇಳಬಾರದು, ಓಟು ಹಾಕಬಾರದು. ಮೂರು, ಪ್ಲಾನ್‌ನಲ್ಲಿ ಒಂದು ದಿನ ಖಾಲಿ ಇರಬೇಕು. ಇಂಟರ್ನಲ್ಸ್ ಹಿಂದಿನ ವಾರಾಂತ್ಯ ಟ್ರೆಕ್ ಇಡಲೇಬಾರದು.

ಈ ಮಿತಿಯೊಳಗೆ ದಾಟುವಾಗಲೂ ಹುಷಾರು ಬೇಕು. ಹೊಳೆ ಅಗಲವಾಗಿ ಹರಡಿರೋ ಜಾಗ ಹುಡುಕಿ; ಕಿರಿದಾದ ಕಡೆ ನೀರು ಆಳ, ಸೆಳವೂ ಜಾಸ್ತಿ. ಬ್ಯಾಗಿನ ಸೊಂಟದ, ಎದೆಯ ಬಕಲ್ ಬಿಚ್ಚಿ, ಬಿದ್ದರೆ ಅದನ್ನ ಬಿಟ್ಟು ಏಳೋಕಾಗಬೇಕು. ಶೂ ಕಳಚಬೇಡಿ. ಕೈಯಲ್ಲಿ ಗಟ್ಟಿ ಕೋಲು, ಮುಖ ನೀರು ಬರೋ ಕಡೆ. ಹಗ್ಗವನ್ನ ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಬಿದ್ದಾಗ ಅದು ಹಿಡಿದು ನಿಲ್ಲಿಸಿದ್ರೆ, ಹರಿಯೋ ನೀರು ನಿಮ್ಮನ್ನೇ ಅದುಮಿ ಮುಳುಗಿಸುತ್ತೆ.

ದಾಟೋಕೆ ಆಗಲಿಲ್ವಾ, ಟ್ರಿಪ್ ಹಾಳಾಯ್ತು ಅಂತ ಕೊರಗಬೇಡಿ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಬನ್ನಿ. ಬೆಟ್ಟ ಇದೆ, ಕೋಟೆ ಇದೆ, ಮೇಲೆ ಉತ್ಸವಾಂಬೆ ಗುಡಿ ಇದೆ, ದಾಟೋಕೆ ಒಂದು ಹಳ್ಳವೂ ಇಲ್ಲ. ಮಂಡಕ್ಕಿ ಮಿರ್ಚಿ ನಮ್ಮ ಲೆಕ್ಕ. ಮಲೆನಾಡಿನ ಹೊಳೆ ಮುಂದಿನ ವರ್ಷವೂ ಹರೀತಿರುತ್ತೆ, ನೀರು ಇಳಿದಾಗ ಹೋಗೋಣ.