ಚುಚ್ಚುಮದ್ದು ಮತ್ತು ತವಕ್ಕುಲ್

ಹಜ್ಜ್ ಯಾತ್ರೆಗೆ ಹೊರಡುವಾಗ ಮೆನಿಂಜೈಟಿಸ್ ಲಸಿಕೆಯನ್ನು ನಾವು ತಪ್ಪದೆ ಹಾಕಿಸಿಕೊಳ್ಳುತ್ತೇವೆ. ಏಕೆಂದರೆ ಅದು ಕಡ್ಡಾಯ. ಫ್ಲೂ ಲಸಿಕೆಯ ಮಾತು ಬಂದಾಗ ಮಾತ್ರ, 'ಬರೇ ಶೀತಜ್ವರ ತಾನೇ, ಅಲ್ಲಾಹನಿದ್ದಾನೆ' ಎನ್ನುತ್ತೇವೆ. ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್‌ನ ಮಾತಾಡುವುದು ಧರ್ಮನಿಷ್ಠೆಯಲ್ಲ, ಉದಾಸೀನ.

ಈ ಲಸಿಕೆ ಪೂರ್ಣ ರಕ್ಷಣೆ ನೀಡದೆಂಬುದು ನಿಜ. ವೈರಸ್ ರೂಪ ಬದಲಿಸುವುದರಿಂದ ಪ್ರತಿವರ್ಷ ಹಾಕಿಸಬೇಕೆಂಬುದೂ ನಿಜ. ಆದರೆ ಅದು ರೋಗದ ತೀವ್ರತೆಯನ್ನು ತಗ್ಗಿಸುತ್ತದೆ. ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲದಿರುವುದರಿಂದ, ಅದರಿಂದಲೇ ಫ್ಲೂ ಬರುತ್ತದೆಂಬ ಭಯ ನಿರಾಧಾರ. ಪ್ರತಿರೋಧ ಶಕ್ತಿ ಮೂಡಲು ಸುಮಾರು 2 ವಾರ ಬೇಕು. ಹೊರಡುವ ಮುನ್ನಾದಿನದ ಅವಸರ ಫಲಿಸದು.

ಲಕ್ಷಾಂತರ ಜನರು ಒತ್ತೊತ್ತಾಗಿ ತಂಗುವ ಮಿನಾದಲ್ಲಿ ನಮ್ಮ ಕೆಮ್ಮು ಪಕ್ಕದ ವೃದ್ಧನ ಪಾಲಿಗೆ ಪ್ರಾಣಾಂತಿಕವಾಗಬಲ್ಲದು. ನಮ್ಮ ದೇಹದ ಕುರಿತ ತೀರ್ಮಾನ ನಮ್ಮದೇ ಇರಬಹುದು. ಅವನ ಪ್ರಾಣವನ್ನು ಪಣಕ್ಕಿಡುವ ಹಕ್ಕು ನಮಗೆಲ್ಲಿದೆ?